ಹಳದಿ ಅಂಗಿಯ ದಾಯಾದಿಗಳು

1986ರ ಜುಲೈ 15ರಂದು ಟೂರ್ ದ ಫ್ರಾನ್ಸ್ ಸೈಕಲ್ ಸ್ಪರ್ಧೆ ಪಿರೆನೀಸ್ ಪರ್ವತಗಳನ್ನು ಹೊಕ್ಕಿತು. ಬಯೋನ್‌ನಿಂದ ಪೋ ನಗರದವರೆಗೆ 217 ಕಿಲೋಮೀಟರ್ ದಾರಿ. ಮುಕ್ತಾಯ ಇನ್ನೂ ಬಹಳ ದೂರವಿದ್ದಾಗಲೇ ಬರ್ನಾರ್ ಹಿನೋ ಗುಂಪಿನಿಂದ ಸಿಡಿದು ಮುಂದೆ ಹೋದ. ಜೊತೆಗೆ ತನ್ನದೇ ತಂಡದ ಯುವಕ ಜಾಂ ಫ್ರಾನ್ಸ್ವಾ ಬರ್ನಾರ್, ಬೆನ್ನಿಗೆ ಸ್ಪೇನಿನ ಪೆದ್ರೊ ಡೆಲ್ಗಾಡೊ. ಅಂತರ ಒಂದು ನಿಮಿಷವಾಯಿತು, ಎರಡಾಯಿತು, ಮೂರಾಯಿತು. ಹಿಂದಿನ ಗುಂಪಿನಲ್ಲಿ ಗ್ರೆಗ್ ಲೆಮಾಂಡ್ ಎಂಬ ಅಮೆರಿಕದ ಹುಡುಗ ಅದನ್ನೆಲ್ಲ ನೋಡುತ್ತ ಪೆಡಲ್ ತುಳಿಯುತ್ತಿದ್ದ. ಆ ವರ್ಷ ಹಿನೋನನ್ನು ಪರ್ವತಗಳಲ್ಲಿ ಹಿಡಿಯಬಲ್ಲ ಕಾಲುಗಳು ಯಾರಿಗಾದರೂ ಇದ್ದರೆ ಅವನಿಗೇ ಇದ್ದವು. ಆದರೂ ಅವನು ಬೆನ್ನಟ್ಟುವ ಹಾಗಿರಲಿಲ್ಲ. ಹಿನೋ ತೊಟ್ಟಿದ್ದ ಅಂಗಿಯನ್ನೇ ಅವನೂ ತೊಟ್ಟಿದ್ದ.

ಸೈಕಲ್ ಸ್ಪರ್ಧೆಯ ತಂತ್ರವೆಲ್ಲ ಗಾಳಿಯಿಂದ ಹುಟ್ಟಿದ್ದು. ಮುಂದಿರುವವನ ಹಿಂದಿನ ಚಕ್ರಕ್ಕೆ ಅಂಟಿಕೊಂಡು ಹೋಗುವವನಿಗೆ ಗಾಳಿಯ ಮರೆ ಸಿಗುತ್ತದೆ. ಸಮತಟ್ಟು ದಾರಿಯಲ್ಲಿ ಅವನ ಶ್ರಮದಲ್ಲಿ ಸುಮಾರು ಮೂರನೇ ಒಂದು ಭಾಗ ಉಳಿಯುತ್ತದೆ. ಹಾಗಾಗಿ ಒಬ್ಬನು ಗೆಲ್ಲಬೇಕಾದರೆ ಉಳಿದವರು ಅವನ ಮುಂದೆ ಸರದಿಯಲ್ಲಿ ಗಾಳಿಗೆ ಎದೆಯೊಡ್ಡಬೇಕು. ನೀರು ತಂದುಕೊಡಬೇಕು, ಪಂಕ್ಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿಕೊಡಬೇಕು. ಟೂರ್‌ನಲ್ಲಿ ಎಲ್ಲರ ಒಟ್ಟು ಸಮಯವನ್ನು ದಿನದಿಂದ ದಿನಕ್ಕೆ ಕೂಡಿಸುತ್ತ ಹೋಗುತ್ತಾರೆ. ಅತಿ ಕಡಿಮೆ ಸಮಯದವನು ಹಳದಿ ಅಂಗಿ ತೊಡುತ್ತಾನೆ. ಅಂಗಿ ಒಬ್ಬನ ಮೈಮೇಲಿದ್ದರೂ ಅದರ ಹಿಂದೆ ಒಂಬತ್ತು ಜನರ ಬೆವರು ಇರುತ್ತದೆ. 1986ರಲ್ಲಿ ಪ್ರತಿ ತಂಡಕ್ಕೂ ಹತ್ತು ಜನ, ಒಟ್ಟು 210 ಸವಾರರು.

ಈ ವ್ಯವಸ್ಥೆಯಿಂದ ಹುಟ್ಟಿದ ಒಂದು ಕಟ್ಟಳೆಯಿದೆ. ಎಲ್ಲೂ ಬರೆದಿಟ್ಟಿಲ್ಲ, ಆದರೆ ಮುರಿದವನಿಗೆ ಸಹ ಸವಾರರ ನಡುವೆ ಮುಖವಿರುವುದಿಲ್ಲ: ನಿನ್ನ ತಂಡದವನು ಮುಂದೆ ಹೋಗಿದ್ದರೆ ನೀನು ಬೆನ್ನಟ್ಟಬೇಡ. ಬೆನ್ನಟ್ಟಿದರೆ ನಿನ್ನ ಚಕ್ರದ ಮರೆಯಲ್ಲಿ ಎದುರಾಳಿಗಳನ್ನೆಲ್ಲ ಅವನ ಬಳಿಗೆ ಕರೆದೊಯ್ದಂತೆ. ಬೇರೆ ತಂಡದವರು ಬೆನ್ನಟ್ಟಲಿ, ದಣಿಯಲಿ. ನೀನು ಅವರ ಹಿಂದೆ ಸುಮ್ಮನೆ ಕುಳಿತಿರು. ಸಾಮಾನ್ಯ ದಿನಗಳಲ್ಲಿ ಇದಕ್ಕಿಂತ ವಿವೇಕದ ಕಟ್ಟಳೆ ಇಲ್ಲ. ಆದರೆ ಒಂದೇ ತಂಡದಲ್ಲಿ ಹಳದಿ ಅಂಗಿಗೆ ಇಬ್ಬರು ಹಕ್ಕುದಾರರಿದ್ದರೆ, ಮೊದಲು ಹೊರಟವನು ಇನ್ನೊಬ್ಬನ ಕೈಕಾಲು ಕಟ್ಟಿಹಾಕಿದಂತೆಯೇ. 1986ರ ಟೂರ್‌ನ ಕಥೆಯನ್ನು ಸಾಮಾನ್ಯವಾಗಿ ಕೊಟ್ಟ ಮಾತಿನ, ಮುರಿದ ಮಾತಿನ ಕಥೆಯಾಗಿ ಹೇಳುತ್ತಾರೆ. ನನಗೆ ಅದು ಈ ಕಟ್ಟಳೆಯ ಕಥೆಯಾಗಿ ಹೆಚ್ಚು ಅರ್ಥವಾಗುತ್ತದೆ. ಅದನ್ನು ಆಯುಧ ಮಾಡಿಕೊಂಡವನು ಒಬ್ಬ. ಅದೇ ಆಯುಧ ತನ್ನ ಕಡೆಗೆ ತಿರುಗುವವರೆಗೆ ಹಲ್ಲುಕಚ್ಚಿ ಕಾದವನು ಇನ್ನೊಬ್ಬ.

ಹಿನೋ ಹುಟ್ಟಿದ್ದು 1954ರಲ್ಲಿ, ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿಯ ಇಫಿನ್ಯಾಕ್ ಎಂಬ ಊರಿನಲ್ಲಿ. ಬ್ಯಾಜರ್ ಎಂಬುದು ಅವನ ಅಡ್ಡಹೆಸರು. ಬಿಲದಲ್ಲಿ ವಾಸಿಸುವ, ಕೆಣಕಿದರೆ ಕಚ್ಚಿ ಹಿಡಿದು ಬಿಡದ ಪ್ರಾಣಿ ಅದು. 1978ರಲ್ಲಿ ಮೊದಲ ಬಾರಿಗೆ ಟೂರ್‌ಗೆ ಬಂದು ಮೊದಲ ಬಾರಿಗೇ ಗೆದ್ದ. ಅದೇ ಟೂರ್‌ನಲ್ಲಿ ಒಂದೇ ದಿನ ಎರಡೆರಡು ಹಂತ ಓಡಿಸುವ ಪದ್ಧತಿಯ ವಿರುದ್ಧ ಸವಾರರು ಮುಷ್ಕರ ಹೂಡಿದಾಗ ಮುಂದೆ ನಿಂತವನೂ ಅವನೇ. 1980ರ ವಸಂತದಲ್ಲಿ ಬೆಲ್ಜಿಯಂನ ಲಿಯೇಜ್-ಬಾಸ್ತೋನ್-ಲಿಯೇಜ್ ಸ್ಪರ್ಧೆ ಹಿಮಪಾತದಲ್ಲಿ ನಡೆಯಿತು. ಹೆಚ್ಚಿನವರು ಬಿಟ್ಟುಹೋದರು, ಹಿನೋ ಒಂಟಿಯಾಗಿ ಸವಾರಿ ಮಾಡಿ ಒಂಬತ್ತು ನಿಮಿಷಕ್ಕೂ ಹೆಚ್ಚು ಅಂತರದಿಂದ ಗೆದ್ದ. ಅಂದಿನ ಚಳಿಗೆ ಮರಗಟ್ಟಿದ ಅವನ ಬೆರಳುಗಳು ಮತ್ತೆ ಪೂರ್ತಿ ಸರಿಹೋಗಲಿಲ್ಲ. 1984ರ ಪ್ಯಾರಿಸ್-ನೀಸ್ ಸ್ಪರ್ಧೆಯಲ್ಲಿ ಹಡಗುಕಟ್ಟೆಯ ಕಾರ್ಮಿಕರು ಪ್ರತಿಭಟನೆಗಾಗಿ ರಸ್ತೆ ತಡೆದಾಗ ಅವನು ನೇರ ಜನರ ಮಧ್ಯಕ್ಕೇ ನುಗ್ಗಿ ಮುಷ್ಟಿ ಬೀಸಿದ. ಸ್ಪರ್ಧೆ ಎಂದರೆ ಅವನಿಗೆ ಎದುರಾಳಿಯನ್ನು ಒಪ್ಪಿಸಿ ಗೆಲ್ಲುವುದಲ್ಲ, ಹೊಡೆದು ಗೆಲ್ಲುವುದು.

ಲೆಮಾಂಡ್ ಬೇರೆಯದೇ ನೆಲದವನು. 1961ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ, ಸೈಕಲ್ ಸ್ಪರ್ಧೆಗೆ ಹೆಸರೇ ಇಲ್ಲದ ದೇಶದಿಂದ ಬಂದವನು. ರೆನೋ ತಂಡದ ತರಬೇತುದಾರ ಸಿರಿಲ್ ಗಿಮಾರ್ ಜೊತೆ ಹಿನೋ ತಾನೇ ಅಮೆರಿಕಕ್ಕೆ ಹೋಗಿ ಅವನನ್ನು ತಂಡಕ್ಕೆ ಸೇರಿಸಿಕೊಂಡಿದ್ದ. 1983ರಲ್ಲಿ ಲೆಮಾಂಡ್ ವಿಶ್ವ ಚಾಂಪಿಯನ್ ಆದ. 1984ರ ತನ್ನ ಮೊದಲ ಟೂರ್‌ನಲ್ಲಿ ಮೂರನೆಯವನಾದ. ಅಷ್ಟರಲ್ಲಿ ಹಿನೋನ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಗಿಮಾರ್ ಜೊತೆ ಮನಸ್ತಾಪವಾಗಿತ್ತು. ಬರ್ನಾರ್ ತಾಪಿ ಎಂಬ ಉದ್ಯಮಿಯೊಡನೆ ಸೇರಿ ಹಿನೋ 'ಲಾ ವೀ ಕ್ಲೇರ್' ಎಂಬ ಹೊಸ ತಂಡ ಕಟ್ಟಿದ. ಆ ಹೆಸರು ತಾಪಿಯ ಆರೋಗ್ಯ ಆಹಾರದ ಅಂಗಡಿಗಳದ್ದು. ಮೊಂಡ್ರಿಯಾನನ ಚಿತ್ರಗಳಂತೆ ಕೆಂಪು, ನೀಲಿ, ಹಳದಿ ಚೌಕಗಳಿದ್ದ ಆ ತಂಡದ ಅಂಗಿ ಇಂದಿಗೂ ಸೈಕಲ್ ಪ್ರಿಯರ ಕಣ್ಣಲ್ಲಿದೆ. ತಾಪಿ ಲೆಮಾಂಡ್‌ಗೆ ಹತ್ತು ಲಕ್ಷ ಡಾಲರಿನ ಒಪ್ಪಂದ ಕೊಟ್ಟು ಕರೆತಂದ. ಸೈಕಲ್ ಲೋಕ ಅಲ್ಲಿಯವರೆಗೆ ಅಂಥ ಹಣ ಕಂಡಿರಲಿಲ್ಲ. 1985ರಿಂದ ಇಬ್ಬರೂ ಒಂದೇ ಮನೆಯವರಾದರು.

ಆ 1985ರಲ್ಲಿ ನಡೆದದ್ದನ್ನು ಬಿಟ್ಟು 1986 ಅರ್ಥವಾಗುವುದಿಲ್ಲ. ಹಿನೋ ತನ್ನ ಐದನೇ ಟೂರ್ ಗೆಲ್ಲುವ ದಾರಿಯಲ್ಲಿದ್ದ. ಸೇಂತ್ ಎತಿಯೆನ್ ಊರಿನ ಮುಕ್ತಾಯದ ಹತ್ತಿರ ಬಿದ್ದು ಮೂಗು ಮುರಿದುಕೊಂಡ. ರಕ್ತ ಸುರಿಯುವ ಮುಖದಲ್ಲೇ ಗೆರೆ ದಾಟಿದ. ಮೂರು ದಿನದ ನಂತರ ಪಿರೆನೀಸ್‌ನ ಲೂಜ್ ಆರ್ದಿದೆನ್ ಏರಿನ ದಿನ ಅವನಿಗೆ ಉಸಿರಾಡುವುದೇ ಕಷ್ಟವಾಯಿತು. ಲೆಮಾಂಡ್ ಐರ್ಲೆಂಡಿನ ಸ್ಟೀಫನ್ ರೋಚ್ ಜೊತೆ ಮುಂದೆ ಹೋಗಿದ್ದ. ಇಬ್ಬರೂ ಕೂಡಿ ದುಡಿದಿದ್ದರೆ ಅಂದು ಹಳದಿ ಅಂಗಿ ಕೈಬದಲಾಗುವ ಸಾಧ್ಯತೆಯಿತ್ತು. ಆಗ ತಂಡದ ಕಾರು ಪಕ್ಕಕ್ಕೆ ಬಂತು. ರೋಚ್ ಜೊತೆ ದುಡಿಯಬೇಡ, ಹಿನೋ ಹತ್ತಿರದಲ್ಲೇ ಬರುತ್ತಿದ್ದಾನೆ ಎಂಬ ಸೂಚನೆ ಬಂತು. ಲೆಮಾಂಡ್ ವಾದಿಸಿದ, ಕೊನೆಗೆ ತಡೆದು ನಿಂತ. ಹಿನೋ ಹೇಳಿದಷ್ಟು ಹತ್ತಿರದಲ್ಲಿ ಇರಲಿಲ್ಲವೆಂಬುದು ಅವನಿಗೆ ತಿಳಿದದ್ದು ಬೆಟ್ಟದ ಮೇಲೆ. ಆ ಸಂಜೆ ಸಿಟ್ಟಿನಲ್ಲಿ ಅತ್ತನೆಂದು ಅಂದಿನವರೆಲ್ಲ ಹೇಳಿದ್ದಾರೆ. ಟೂರ್ ಮುಗಿದಾಗ ಹಿನೋ ಮೊದಲ, ಲೆಮಾಂಡ್ ಎರಡನೆಯ. ನಡುವೆ ಕೇವಲ 1 ನಿಮಿಷ 42 ಸೆಕೆಂಡು.

ಐದು ಟೂರ್ ಗೆದ್ದು ಹಿನೋ ಜಾಕ್ ಆಂಕ್ವೆತಿಲ್ ಮತ್ತು ಎಡ್ಡಿ ಮರ್ಕ್ಸ್ ಸಾಲಿಗೆ ಸೇರಿದ. ಮುಂದಿನ ವರ್ಷ ತಾನು ಗ್ರೆಗ್‌ನ ಗೆಲುವಿಗಾಗಿ ದುಡಿಯುವುದಾಗಿ ಆಗ ಎಲ್ಲರ ಮುಂದೆ ಹೇಳಿದ. 24 ವರ್ಷದ ಲೆಮಾಂಡ್ ಆ ಮಾತನ್ನು ಅಕ್ಷರಶಃ ನಂಬಿದ. ಆರು ಟೂರ್ ಅಂದಿಗೆ ಯಾರೂ ಗೆದ್ದಿರಲಿಲ್ಲ ಎಂಬುದನ್ನು ಫ್ರಾನ್ಸಿನ ಪತ್ರಿಕೆಗಳು ಆ ಚಳಿಗಾಲವೆಲ್ಲ ಬರೆಯುತ್ತಲೇ ಇದ್ದವು.

ಒಂದೇ ಅಂಗಿಯೊಳಗಿನ ಈ ದಾಯಾದಿ ಮತ್ಸರ ಟೂರ್‌ಗೆ ಹೊಸದೇನಲ್ಲ. 1949ರಲ್ಲಿ, ಟೂರ್ ಇನ್ನೂ ರಾಷ್ಟ್ರೀಯ ತಂಡಗಳ ನಡುವೆ ನಡೆಯುತ್ತಿದ್ದ ಕಾಲದಲ್ಲಿ, ಇಟಲಿಯ ತಂಡದಲ್ಲಿ ಜೀನೋ ಬರ್ತಾಲಿ, ಫೌಸ್ತೊ ಕೋಪಿ ಇಬ್ಬರೂ ಇದ್ದರು. ದೇಶದ ಅರ್ಧ ಜನ ಒಬ್ಬನ ಕಡೆ, ಅರ್ಧ ಜನ ಇನ್ನೊಬ್ಬನ ಕಡೆ. ತಂಡದ ಮುಖ್ಯಸ್ಥ ಆಲ್ಫ್ರೆದೊ ಬಿಂದಾಗೆ ಇಬ್ಬರನ್ನೂ ಒಂದೇ ಮೇಜಿನ ಸುತ್ತ ಕೂರಿಸುವುದೇ ಅರ್ಧ ಕೆಲಸವಾಗಿತ್ತು. ಜುಲೈ 18ರಂದು ಆಲ್ಪ್ಸ್‌ನ ಬ್ರಿಯಾಂಸೋಗೆ ಇಬ್ಬರೂ ಜೊತೆಯಾಗಿ ಬಂದರು. ಅದು ಬರ್ತಾಲಿಯ 35ನೇ ಹುಟ್ಟುಹಬ್ಬ, ಕೋಪಿ ಅವನಿಗೆ ಹಂತ ಬಿಟ್ಟುಕೊಟ್ಟ. ಮರುದಿನ ಬರ್ತಾಲಿ ಬಿದ್ದ. ಕೋಪಿ ನಿಂತು ಕಾದ. ಬಿಂದಾ ಹೋಗೆಂದ ಮೇಲೆ ಹೋದ, ಟೂರ್ ಗೆದ್ದ. ಅಲ್ಲಿ ತೀರ್ಪು ಕೊಡುವವನೊಬ್ಬನಿದ್ದ, ಇಬ್ಬರೂ ಅವನ ಮಾತು ಕೇಳುತ್ತಿದ್ದರು. 1986ರ ಲಾ ವೀ ಕ್ಲೇರ್‌ನಲ್ಲಿ ಇಲ್ಲದಿದ್ದದ್ದು ಇದೇ. ತಂಡದ ಸ್ವಿಸ್ ತರಬೇತುದಾರ ಪಾಲ್ ಕೋಕ್ಲಿ ಲೆಕ್ಕಾಚಾರದಲ್ಲಿ ಅಸಾಧಾರಣ ಬುದ್ಧಿವಂತ. ಒಬ್ಬನೇ ನಾಯಕ ಎಂಬುದರಲ್ಲೇ ಅವನಿಗೆ ನಂಬಿಕೆಯಿರಲಿಲ್ಲ. ತಂಡದ ಹಲವರು ಸರದಿಯಲ್ಲಿ ದಾಳಿ ಮಾಡುತ್ತಿರಬೇಕು, ಎದುರಾಳಿ ಯಾರನ್ನು ಹಿಡಿಯಬೇಕೆಂದು ತಿಳಿಯದೆ ಸೋಲಬೇಕು ಎಂಬುದು ಅವನ ಸಿದ್ಧಾಂತ. ಎದುರಾಳಿಗಳ ಮೇಲೆ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆ ಟೂರ್‌ನಲ್ಲಿ ಲಾ ವೀ ಕ್ಲೇರ್‌ನ ನಾಲ್ವರು ಬೇರೆಬೇರೆ ಸವಾರರು ಹಂತಗಳನ್ನು ಗೆದ್ದರು. ಆದರೆ ಯಾರು ಯಾರಿಗಾಗಿ ದುಡಿಯಬೇಕು ಎಂಬ ಪ್ರಶ್ನೆಗೆ ಆ ಸಿದ್ಧಾಂತದಲ್ಲಿ ಉತ್ತರವಿರಲಿಲ್ಲ.

ಸ್ಪರ್ಧೆ ಜುಲೈ 4ರಂದು ಪ್ಯಾರಿಸ್ ಹೊರವಲಯದಲ್ಲಿ ಶುರುವಾಯಿತು. ಮೊದಲ ವಾರದ ಸಮತಟ್ಟು ಹಂತಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಮೊದಲ ಬಾರಿಗೆ ಟೂರ್‌ಗೆ ಬಂದ ಅಮೆರಿಕನ್ ತಂಡ ಸೆವೆನ್-ಇಲೆವೆನ್‌ನ ಅಲೆಕ್ಸ್ ಸ್ಟೀಡಾ ಮೊದಲ ಹಂತದಲ್ಲೇ ಹಳದಿ ಅಂಗಿ ತೊಟ್ಟು ಯುರೋಪನ್ನು ಬೆರಗುಗೊಳಿಸಿದ, ಅವನು ಕೆನಡಾದವನು. ಒಂಬತ್ತನೇ ಹಂತ ನಾಂತ್‌ನಲ್ಲಿ 61 ಕಿಲೋಮೀಟರಿನ ಟೈಮ್ ಟ್ರಯಲ್. ಅಲ್ಲಿ ಗಾಳಿಯ ಮರೆಯಿಲ್ಲ, ತಂಡದ ನೆರವಿಲ್ಲ. ಒಬ್ಬೊಬ್ಬನೇ ಗಡಿಯಾರದ ವಿರುದ್ಧ ಓಡಬೇಕು. ಹಿನೋ ಗೆದ್ದ. ಲೆಮಾಂಡ್‌ನ ಚಕ್ರ ಪಂಕ್ಚರ್ ಆಯಿತು, 44 ಸೆಕೆಂಡು ಹಿಂದೆ ಬಿದ್ದ. ಹಾಗೆ ಪಿರೆನೀಸ್ ತಲುಪುವ ಹೊತ್ತಿಗೆ ಇಬ್ಬರ ನಡುವೆ ಇದ್ದದ್ದು 49 ಸೆಕೆಂಡು.

ಪೋ ನಗರದ ಹಾದಿಯಲ್ಲಿ ಅದು ಕೆಲವೇ ಗಂಟೆಗಳಲ್ಲಿ 5 ನಿಮಿಷ 25 ಸೆಕೆಂಡಾಯಿತು. ಜಾಂ ಫ್ರಾನ್ಸ್ವಾ ಬರ್ನಾರ್ ತನ್ನ ಬಲ ಮುಗಿಯುವವರೆಗೂ ಹಿನೋಗಾಗಿ ಎಳೆದು ಹಿಂದೆ ಬಿದ್ದ. ಉಳಿದ ಡೆಲ್ಗಾಡೊ ಜೊತೆ ಹಿನೋ ದುಡಿದ ರೀತಿ ಟೂರ್‌ನಲ್ಲಿ ಹಳೆಯ ವ್ಯವಹಾರ: ನಿನಗೆ ಇಂದಿನ ಹಂತ, ನನಗೆ ಸಮಯ. ಕೊನೆಯಲ್ಲಿ ಹಿನೋ ಹೋರಾಡಲೇ ಇಲ್ಲ, ಡೆಲ್ಗಾಡೊ ಗೆದ್ದ. ಲೆಮಾಂಡ್ ಕೊಲಂಬಿಯಾದ ಲೂಚೊ ಹೆರೇರಾ ಜೊತೆ ಕಡೆಯ ಭಾಗದಲ್ಲಿ ಗುಂಪಿನಿಂದ ಬಿಡಿಸಿಕೊಂಡು ಬಂದರೂ ನಾಲ್ಕೂವರೆ ನಿಮಿಷ ಕಳೆದುಕೊಂಡಿದ್ದ. ಹಳದಿ ಅಂಗಿ ಹಿನೋ ಮೈಮೇಲೆ ಬಂತು. ಎದುರಾಳಿಗಳನ್ನು ದಣಿಸಲು ಹಾಗೆ ಮಾಡಿದೆ ಎಂದು ಅವನು ಹೇಳಿದ. ಆ ವಾದದಲ್ಲಿ ಒಂದಿಷ್ಟು ಸತ್ಯವಿದೆ. ಬೇರೆ ತಂಡಗಳ ಪ್ರಮುಖರೂ ಅಂದು ಸಮಯ ಕಳೆದುಕೊಂಡರು. ಆದರೆ ಯಾರಿಗಾಗಿ ದುಡಿಯುವೆನೆಂದು ಮಾತು ಕೊಟ್ಟಿದ್ದನೋ ಅವನನ್ನೇ ಐದು ನಿಮಿಷ ಹಿಂದೆ ತಳ್ಳುವುದು ಸಹಾಯ ಹೇಗಾದೀತು? ಪೋನಲ್ಲಿ ಹಿನೋ ಗೆಲ್ಲಲೆಂದೇ ಓಡಿದ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಮರುದಿನ ಜುಲೈ 16. ಪೋನಿಂದ ಸೂಪರ್‌ಬಾನ್ಯೇರ್ ಎಂಬ ಸ್ಕೀಯಿಂಗ್ ತಾಣಕ್ಕೆ ದಾರಿ. ತೂರ್ಮಲೆ, ಆಸ್ಪೆ, ಪೇರಸೂರ್ದ್ ಎಂಬ ಮೂರು ದೊಡ್ಡ ಘಾಟಿಗಳು, ಕೊನೆಗೆ ಮುಕ್ತಾಯದ ಏರು. ಐದು ನಿಮಿಷ ಕೈಯಲ್ಲಿಟ್ಟುಕೊಂಡವನು ಮಾಡಬೇಕಾದ್ದು ಸರಳ. ಗುಂಪಿನಲ್ಲಿ ಕುಳಿತು ದಾಳಿ ಮಾಡುವವರ ಹಿಂದೆ ಹೋಗುವುದು ಅಷ್ಟೇ. ಲೆಮಾಂಡ್‌ಗೆ ದಾಳಿ ಮಾಡುವ ಹಾಗೇ ಇರಲಿಲ್ಲ, ಹಳದಿ ಅಂಗಿ ಅವನದೇ ತಂಡದಲ್ಲಿತ್ತು. ಹಿನೋ ಸುಮ್ಮನಿದ್ದಿದ್ದರೆ ಆರನೇ ಟೂರ್ ಬಹುಶಃ ಅಂದೇ ಅವನದಾಗುತ್ತಿತ್ತು. ಆದರೆ ಸುಮ್ಮನಿರುವುದು ಅವನ ಜಾಯಮಾನವಲ್ಲ. ತೂರ್ಮಲೆಯ ಇಳಿಜಾರಿನಲ್ಲಿ, ಗೆರೆ ಇನ್ನೂ ಬಹಳ ದೂರವಿದ್ದಾಗ, ಹಳದಿ ಅಂಗಿಯಲ್ಲೇ ಅವನು ಒಂಟಿಯಾಗಿ ಹೊರಟುಬಿಟ್ಟ. ಅಂತರ ಎರಡು ನಿಮಿಷ ದಾಟಿ ಮೂರರ ಹತ್ತಿರ ಹೋಯಿತು. 1969ರಲ್ಲಿ ಇದೇ ಬೆಟ್ಟಗಳಲ್ಲಿ ಮರ್ಕ್ಸ್ ಹಳದಿ ಅಂಗಿಯಲ್ಲಿ ಒಂಟಿಯಾಗಿ ಹೋಗಿ ಎಂಟು ನಿಮಿಷ ಗೆದ್ದದ್ದು ದಾರಿಯ ಬದಿಯಲ್ಲಿ ನಿಂತಿದ್ದ ಎಲ್ಲರಿಗೂ ನೆನಪಿದ್ದಿರಬೇಕು.

ಆದರೆ ಕಣಿವೆಯಲ್ಲಿ ಒಬ್ಬನಿಗೆ ಎದುರಾಗಿ ಒಂದು ಗುಂಪು ಓಡಿದರೆ ಗುಂಪೇ ಗೆಲ್ಲುತ್ತದೆ. ಬೇರೆ ತಂಡದವರು ಸರದಿಯಲ್ಲಿ ಎಳೆದರು, ಲೆಮಾಂಡ್ ಅವರ ಹಿಂದೆ ಕುಳಿತ. ಹಿಂದಿನ ದಿನ ಅವನ ಕೈಕಟ್ಟಿದ್ದ ಕಟ್ಟಳೆ ಇಂದು ಅವನನ್ನು ದಣಿಯದಂತೆ ಕಾಯ್ದಿತು. ಕೊನೆಯ ಏರಿನ ಬುಡದಲ್ಲಿ ಹಿನೋ ಸಿಕ್ಕಿಬಿದ್ದ, ಅಲ್ಲಿಂದ ಅವನ ಕಾಲು ಬತ್ತಿಹೋಯಿತು. ಮುಂದಿನ ಸಣ್ಣ ಗುಂಪಿನಲ್ಲಿ ಸ್ಕಾಟ್ಲೆಂಡಿನ ಮಿಲ್ಲರ್, ಸ್ವಿಟ್ಜರ್ಲೆಂಡಿನ ಉರ್ಸ್ ಜಿಮರ್ಮನ್, ಹೆರೇರಾ. ಜೊತೆಗೆ ಲಾ ವೀ ಕ್ಲೇರ್‌ನ ಇಬ್ಬರು ಅಮೆರಿಕನ್ನರು, ಲೆಮಾಂಡ್ ಮತ್ತು 24 ವರ್ಷದ ಆಂಡಿ ಹ್ಯಾಂಪ್‌ಸ್ಟನ್.

ಅಲ್ಲಿ ಹ್ಯಾಂಪ್‌ಸ್ಟನ್ ಮಾಡಿದ ಕೆಲಸ ಈ ಇಡೀ ಟೂರ್‌ನ ಅತಿ ನಿರ್ಮಲ ಗಳಿಗೆ ಎಂದು ನನಗನ್ನಿಸುತ್ತದೆ. ಅವನು ಏರಿನಲ್ಲಿ ಮೊದಲು ತಾನೇ ದಾಳಿ ಮಾಡಿ ಮುಂದೆ ಹೋದ. ಲೆಮಾಂಡ್ ಗುಂಪಿನಿಂದ ಬಿಡಿಸಿಕೊಂಡು ಅವನನ್ನು ಸೇರಿದ. ಹ್ಯಾಂಪ್‌ಸ್ಟನ್ ಹಿಂದೆ ತಿರುಗಿ ನೋಡಲಿಲ್ಲ. ತನ್ನಲ್ಲಿದ್ದ ಕೊನೆಯ ಬಲ ತೀರುವವರೆಗೂ ಲೆಮಾಂಡ್ ಮುಂದೆ ನಿಂತು ಎಳೆದ, ಆಮೇಲೆ ಪಕ್ಕಕ್ಕೆ ಸರಿದ. ಅಲ್ಲಿಂದ ಲೆಮಾಂಡ್ ಒಬ್ಬನೇ ಶಿಖರ ಮುಟ್ಟಿದ. ಹಿನೋ ನಾಲ್ಕೂವರೆ ನಿಮಿಷಕ್ಕೂ ಹೆಚ್ಚು ತಡವಾಗಿ ಬಂದ. ಹಳದಿ ಅಂಗಿ ಇನ್ನೂ ಅವನ ಮೇಲೇ ಇತ್ತು, ಆದರೆ ಉಳಿದದ್ದು 40 ಸೆಕೆಂಡು ಮಾತ್ರ. ಎರಡು ದಿನಗಳಲ್ಲಿ ಅಷ್ಟು ಗಳಿಸಿ ಅಷ್ಟನ್ನೂ ಕಳೆದವನು ಟೂರ್‌ನ ಇತಿಹಾಸದಲ್ಲಿ ವಿರಳ.

ಮುಂದಿನ ನಾಲ್ಕು ದಿನ ತಂಡ ಒಳಗೇ ಎರಡಾಯಿತು. ಹ್ಯಾಂಪ್‌ಸ್ಟನ್ ಮತ್ತು ಕೆನಡಾದ ಸ್ಟೀವ್ ಬಾವರ್ ಲೆಮಾಂಡ್ ಕಡೆ, ಫ್ರೆಂಚ್ ಸವಾರರು ಹಿನೋ ಕಡೆ. ಊಟದ ಮೇಜಿನಲ್ಲಿ ಮಾತು ನಿಂತಿತ್ತು. ರಸ್ತೆ ಬದಿಯ ಜನ ಹಿನೋ ಹೆಸರನ್ನು ಕೂಗುತ್ತಿದ್ದರು, ಅದು ಅವರ ದೇಶ, ಅವನು ಅವರವನು. ತನ್ನ ಸೈಕಲ್ಲಿಗೋ ಊಟಕ್ಕೋ ಯಾರಾದರೂ ಏನಾದರೂ ಮಾಡಿಯಾರೆಂಬ ಭಯ ತನ್ನನ್ನು ಕಾಡುತ್ತಿತ್ತೆಂದು ಲೆಮಾಂಡ್ ನಂತರದ ವರ್ಷಗಳಲ್ಲಿ ಹೇಳಿಕೊಂಡಿದ್ದಾನೆ. ಹಾಗೆ ಏನೂ ನಡೆಯಲಿಲ್ಲ. ಆದರೆ ಗೆಲ್ಲುವ ಹಾದಿಯಲ್ಲಿರುವ 25ರ ಹರೆಯದವನೊಬ್ಬ ತನ್ನವರ ನಡುವೆಯೇ ಅಷ್ಟು ಒಂಟಿಯಾಗಿದ್ದನಲ್ಲ, ಅದನ್ನು ಓದಿದಾಗೆಲ್ಲ ನನಗೆ ನೋವಾಗುತ್ತದೆ.

ಜುಲೈ 20ರಂದು ಆಲ್ಪ್ಸ್. ಗಾಪ್‌ನಿಂದ ಹೊರಟು ವಾರ್ಸ್, ಇಜೋರ್ ಘಾಟಿಗಳನ್ನು ದಾಟಿ 2,413 ಮೀಟರ್ ಎತ್ತರದ ಗ್ರಾನೋ ಘಾಟಿಯ ನೆತ್ತಿಯಲ್ಲಿ ಮುಕ್ತಾಯ. ಟೂರ್ ಅಲ್ಲಿಯವರೆಗೆ ಅಷ್ಟು ಎತ್ತರದಲ್ಲಿ ಯಾವ ಹಂತವನ್ನೂ ಮುಗಿಸಿರಲಿಲ್ಲ. ಹಿನೋಗೆ ಮಂಡಿ ನೋವು ಮರುಕಳಿಸಿತ್ತು. ಸ್ಪೇನಿನ ಎದುವಾರ್ದೊ ಚೋಸಾಸ್ ಬಹಳ ಮೊದಲೇ ಮುಂದೆ ಹೋಗಿದ್ದ, ಹಂತ ಅವನೇ ಗೆದ್ದ. ಹಳದಿ ಅಂಗಿಯ ಹೋರಾಟ ಹಿಂದೆ ನಡೆಯಿತು. ಒಟ್ಟು ಪಟ್ಟಿಯಲ್ಲಿ ಮೂರನೆಯವನಾಗಿದ್ದ ಕರೇರಾ ತಂಡದ ಜಿಮರ್ಮನ್ ದಾಳಿ ಮಾಡಿದ. ಲೆಮಾಂಡ್ ಅವನ ಚಕ್ರಕ್ಕೆ ಅಂಟಿಕೊಂಡ. ಜಿಮರ್ಮನ್ ಎಷ್ಟು ಸಲ ಹಿಂದೆ ನೋಡಿದರೂ ಲೆಮಾಂಡ್ ಮುಂದೆ ಬಂದು ಒಂದು ಗಳಿಗೆಯೂ ಎಳೆಯಲಿಲ್ಲ. ಎಳೆಯಬೇಕಾದ ಅಗತ್ಯವೇ ಅವನಿಗಿರಲಿಲ್ಲ. ಹಿಂದೆ ಹಳದಿ ಅಂಗಿಯಲ್ಲಿ ಬರುತ್ತಿದ್ದವನು ತನ್ನ ತಂಡದವನು. ತನ್ನ ತಂಡದವನ ವಿರುದ್ಧ ಎದುರಾಳಿಗೆ ಸಹಾಯ ಮಾಡಬಾರದೆಂಬುದೇ ಕಟ್ಟಳೆ. ಪೋ ಹಾದಿಯಲ್ಲಿ ಅವನನ್ನು ಗುಂಪಿಗೆ ಕಟ್ಟಿಹಾಕಿದ್ದ ಅದೇ ನಿಯಮದ ನೆರಳಲ್ಲಿ ಅವನು ಜಿಮರ್ಮನ್ ಬೆವರಿನ ಮೇಲೆ ಗ್ರಾನೋ ಏರಿದ. ಮೇಲೆ ತಲುಪಿದಾಗ ಲೆಮಾಂಡ್ ಹಳದಿ ಅಂಗಿ ತೊಟ್ಟ ಮೊದಲ ಅಮೆರಿಕನ್. ಜಿಮರ್ಮನ್ 2 ನಿಮಿಷ 24 ಸೆಕೆಂಡು ಹಿಂದೆ. ಹಿನೋ 2 ನಿಮಿಷ 47 ಸೆಕೆಂಡಿನ ಅಂತರದಲ್ಲಿ ಮೂರನೇ ಸ್ಥಾನಕ್ಕೆ ಇಳಿದಿದ್ದ.

ಇಲ್ಲಿಗೆ ಮುಗಿಯಬೇಕಿತ್ತು. ಮರುದಿನ ಬ್ರಿಯಾಂಸೋನಿಂದ ಆಲ್ಪ್ ದ್ಯುಯೆಜ್‌ಗೆ 162 ಕಿಲೋಮೀಟರ್. ಮೊದಲಿಗೇ ಗಾಲಿಬಿಯೆ ಘಾಟಿ, ಅದರ ಇಳಿಜಾರಿನಲ್ಲಿ ಹಿನೋ ಮತ್ತೆ ಹೊರಟ. ಹಿಂದಿನ ದಿನ ಮಂಡಿ ಹಿಡಿದುಕೊಂಡು ಕುಂಟಿದವನು ಇವನೇನಾ ಎನ್ನಿಸುವಂತೆ. ಲೆಮಾಂಡ್ ಈ ಸಲ ಕಾಯಲಿಲ್ಲ, ಬಾವರ್ ನೆರವಿನಿಂದ ಮುಂದಿನವರನ್ನು ಕೂಡಿಕೊಂಡ. ಜಿಮರ್ಮನ್ ಹಿಂದುಳಿದ. ಕಣಿವೆಯಲ್ಲಿ ಬಾವರ್ ತನ್ನದೆಲ್ಲವನ್ನೂ ಕೊಟ್ಟು ಎಳೆದು ಬಿದ್ದುಹೋದ. ಕ್ರ್ವಾ ದ ಫೇರ್ ಘಾಟಿಯ ಏರಿನಲ್ಲಿ ಉಳಿದವರು ಇಬ್ಬರೇ: ಹಳದಿ ಅಂಗಿಯ ಲೆಮಾಂಡ್, ಅವನ ಮುಂದೆ ಹಿನೋ.

ಆಲ್ಪ್ ದ್ಯುಯೆಜ್‌ನ 21 ತಿರುವುಗಳನ್ನು ಅವರು ಜೊತೆಯಾಗಿ ಹತ್ತಿದರು. ಜನ ರಸ್ತೆಯನ್ನೇ ನುಂಗಿದ್ದರು. ಕೈಚಾಚಿದರೆ ಮುಟ್ಟುವಷ್ಟು ಇಕ್ಕಟ್ಟಾದ ಓಣಿಯಲ್ಲಿ ಹಿನೋ ಮುಂದೆ, ಲೆಮಾಂಡ್ ಹಿಂದೆ. ಮೇಲಿನವರೆಗೂ ಹಿನೋನೇ ಎಳೆದ. ತುದಿಯಲ್ಲಿ ಲೆಮಾಂಡ್ ಅವನ ಪಕ್ಕಕ್ಕೆ ಬಂದು ಭುಜದ ಮೇಲೆ ಕೈಯಿಟ್ಟ. ಇಬ್ಬರೂ ನಕ್ಕರು, ಕೈಹಿಡಿದು ಎತ್ತಿದರು, ಹಿನೋನ ಚಕ್ರ ಒಂದಿಷ್ಟು ಮೊದಲು ಗೆರೆ ದಾಟಿತು. ಜಿಮರ್ಮನ್ 5 ನಿಮಿಷ 15 ಸೆಕೆಂಡು ನಂತರ ಬಂದ. ಟೂರ್‌ನ ಅತಿ ಹೆಚ್ಚು ಅಚ್ಚಾದ ಚಿತ್ರಗಳಲ್ಲಿ ಅದೊಂದು. ಸ್ನೇಹದ ಚಿತ್ರವೆಂದೇ ಅಂದು ಎಲ್ಲರೂ ಅದನ್ನು ಕಂಡರು.

ಕೆಲವೇ ಹೊತ್ತಿನಲ್ಲಿ ಟೆಲಿವಿಷನ್ ಕ್ಯಾಮೆರಾದ ಮುಂದೆ ಇಬ್ಬರೂ ಪಕ್ಕಪಕ್ಕ ಕುಳಿತಿದ್ದರು. ಅಲ್ಲಿ ಹಿನೋ, ಟೂರ್ ಇನ್ನೂ ಮುಗಿದಿಲ್ಲ, ಸೇಂತ್ ಎತಿಯೆನ್‌ನ ಟೈಮ್ ಟ್ರಯಲ್ ಬಾಕಿಯಿದೆ ಎಂಬರ್ಥದ ಮಾತಾಡಿದ. ಲೆಮಾಂಡ್‌ನ ಮುಖ ಬಾಡಿತು. ತಾನು ಸಹಾಯ ಎಂದುಕೊಂಡದ್ದು ಇನ್ನೂ ಸ್ಪರ್ಧೆಯೇ ಆಗಿತ್ತೆಂದು ಅವನಿಗೆ ಆಗ ತಿಳಿಯಿತು. ಎರಡನೇ ಸ್ಥಾನಕ್ಕೆ ಮರಳಿದ್ದ ಹಿನೋನ ಅಂತರ ಎರಡೂಮುಕ್ಕಾಲು ನಿಮಿಷ. ಆ ಬೆಟ್ಟದ ಮೇಲೆ ಯಾರು ಯಾರನ್ನು ಕಾದರು ಎಂಬ ಜಗಳ ಇಂದಿಗೂ ಮುಗಿದಿಲ್ಲ. ಬೇಕೆಂದಿದ್ದರೆ ಬಿಟ್ಟುಹೋಗಬಹುದಿತ್ತು ಎಂಬುದು ಲೆಮಾಂಡ್ ವಾದ. ಅವನನ್ನು ಟೂರ್ ಗೆಲುವಿಗೆ ಎಳೆದು ತಂದವನೇ ನಾನು ಎಂಬುದು ಹಿನೋನದು.

ಜುಲೈ 24ರ ಸೇಂತ್ ಎತಿಯೆನ್ ಟೈಮ್ ಟ್ರಯಲ್ 58 ಕಿಲೋಮೀಟರಿನದು. ಹಿಂದಿನ ವರ್ಷ ಹಿನೋ ಮೂಗು ಮುರಿದುಕೊಂಡ ಊರದು. ಈ ಸಲ ಬಿದ್ದವನು ಲೆಮಾಂಡ್. ಒಂದು ತಿರುವಿನಲ್ಲಿ ಜಾರಿ ಬಿದ್ದ, ಎದ್ದ, ಮುಂದೆ ಹೋಗಿ ಸೈಕಲ್ ಬದಲಾಯಿಸಬೇಕಾಯಿತು. ಅಷ್ಟಾದರೂ ಹಿನೋ ಗೆದ್ದದ್ದು 25 ಸೆಕೆಂಡಿನಿಂದ ಮಾತ್ರ. ಮರುದಿನ ಪ್ವೀ ದ ದೋಮ್ ಎಂಬ ಆರಿದ ಜ್ವಾಲಾಮುಖಿಯ ಕಡಿದಾದ ಏರಿನಲ್ಲಿ ಲೆಮಾಂಡ್ 52 ಸೆಕೆಂಡು ಮರಳಿ ಗಳಿಸಿದ. ಜುಲೈ 27ರಂದು ಪ್ಯಾರಿಸ್‌ನಲ್ಲಿ ಲೆಕ್ಕ ಹೀಗೆ ಮುಗಿಯಿತು: ಲೆಮಾಂಡ್ ಮೊದಲ, ಹಿನೋ 3 ನಿಮಿಷ 10 ಸೆಕೆಂಡು ಹಿಂದೆ, ಜಿಮರ್ಮನ್ 10 ನಿಮಿಷ 54 ಸೆಕೆಂಡು ಹಿಂದೆ. ಹ್ಯಾಂಪ್‌ಸ್ಟನ್ ನಾಲ್ಕನೆಯವನಾಗಿ ಯುವ ಸವಾರರ ಬಿಳಿ ಅಂಗಿ ಗೆದ್ದ. ಬೆಟ್ಟದ ರಾಜನ ಚುಕ್ಕೆ ಅಂಗಿ ಹಿನೋನ ಪಾಲಾಯಿತು. ಯುರೋಪಿನ ಹೊರಗಿನವನೊಬ್ಬ ಟೂರ್ ಗೆದ್ದದ್ದು ಅದೇ ಮೊದಲು.

ಹಿನೋ ಮಾತು ಮುರಿದನೇ? ಆಲ್ಪ್ಸ್‌ನಲ್ಲಿ ಅವನ ಓಟ ಜಿಮರ್ಮನ್‌ನನ್ನು ಮುಗಿಸಿತು, ಅದರ ಲಾಭ ಲೆಮಾಂಡ್‌ಗೂ ಸಿಕ್ಕಿತು ಎಂಬುದನ್ನು ಒಪ್ಪಬೇಕು. ಅವನನ್ನು ಬರೀ ವಚನಭ್ರಷ್ಟನೆಂದು ತಳ್ಳಿಹಾಕುವವರು ಸೂಪರ್‌ಬಾನ್ಯೇರ್ ದಿನವನ್ನು ವಿವರಿಸಲಾರರು. ಕಪಟಿಯಾಗಿದ್ದರೆ ಅವನು ಅಂದು ಗುಂಪಿನಲ್ಲಿ ಅಡಗಿ ಕುಳಿತು ಟೂರ್ ಗೆಲ್ಲುತ್ತಿದ್ದ. ನನ್ನ ಎಣಿಕೆಯಲ್ಲಿ ಅವನು ಮಾತು ಕೊಟ್ಟಾಗ ಮನಃಪೂರ್ವಕವಾಗಿಯೇ ಕೊಟ್ಟಿದ್ದ, ಆದರೆ ಗೆಲುವಿನ ವಾಸನೆ ಬಡಿದಾಗ ಉಳಿಸಿಕೊಳ್ಳಲಾರದೆ ಹೋದ. ಲೆಮಾಂಡ್‌ಗೆ ಆದ ಅನ್ಯಾಯ ಇದರಿಂದ ಚಿಕ್ಕದಾಗುವುದಿಲ್ಲ. ಮಾತನ್ನು ನಂಬಿ ಕಟ್ಟಳೆಗೆ ತಲೆಬಾಗಿದವನು ಅವನು. ತಂಡ ಎಂಬುದಕ್ಕೆ ಅರ್ಥ ಉಳಿಸಿದವನೂ ಅವನೇ, ಹ್ಯಾಂಪ್‌ಸ್ಟನ್ ಮತ್ತು ಬಾವರ್ ಜೊತೆಗೆ.

ಮರುಪಂದ್ಯ ನಡೆಯಲಿಲ್ಲ. ತಾನು ಮೊದಲೇ ಹೇಳಿದ್ದಂತೆ ಹಿನೋ 32 ತುಂಬಿದ 1986ರ ನವೆಂಬರಿನಲ್ಲಿ ನಿವೃತ್ತನಾದ. 1987ರ ಏಪ್ರಿಲ್ 20ರಂದು ಕ್ಯಾಲಿಫೋರ್ನಿಯಾದಲ್ಲಿ ಟರ್ಕಿ ಬೇಟೆಗೆ ಹೋಗಿದ್ದಾಗ ಲೆಮಾಂಡ್ ಮೇಲೆ ಸಂಬಂಧಿಕನೊಬ್ಬನ ಗುಂಡು ಆಕಸ್ಮಿಕವಾಗಿ ಹಾರಿತು. ಹತ್ತಾರು ಚರೆಗಳು ಮೈಯೊಳಗೆ ಹೊಕ್ಕವು, ಕೆಲವು ಅಲ್ಲೇ ಉಳಿದವು. ಎರಡು ಟೂರ್‌ಗಳು ಕೈತಪ್ಪಿದವು. 1989ರಲ್ಲಿ ಅವನು ಮರಳಿ ಬಂದದ್ದು ಎಡಿಆರ್ ಎಂಬ ಬೆಲ್ಜಿಯಂನ ಬಡ ತಂಡದಲ್ಲಿ. ಬೆಟ್ಟಗಳಲ್ಲಿ ಅವನ ಮುಂದೆ ನಿಂತು ಎಳೆಯಬಲ್ಲವರು ಅಲ್ಲಿ ಇರಲೇ ಇಲ್ಲ. ಫ್ರಾನ್ಸಿನ ಲೊರಾಂ ಫಿನ್ಯೋ ಜೊತೆ ಹಳದಿ ಅಂಗಿ ಮೂರು ವಾರ ಅತ್ತಿತ್ತ ಕೈಬದಲಾಯಿತು. ಲೆಮಾಂಡ್ ಬರೀ ಚಕ್ರ ಹಿಡಿದು ಬರುತ್ತಾನೆ, ಮುಂದೆ ಬಂದು ಎಳೆಯುವುದಿಲ್ಲ ಎಂದು ಫಿನ್ಯೋ ದೂರಿದ. ಕೊನೆಯ ದಿನ ವರ್ಸಾಯಿಯಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರಿನ ಟೈಮ್ ಟ್ರಯಲ್, ಲೆಮಾಂಡ್ 50 ಸೆಕೆಂಡು ಹಿಂದೆ. ಗಾಳಿಯನ್ನು ಸೀಳುವ ಉದ್ದನೆಯ ಹೊಸ ಹ್ಯಾಂಡಲ್ ಬಾರ್ ಹಿಡಿದು ಅವನು ಒಬ್ಬನೇ ಓಡಿದ. 58 ಸೆಕೆಂಡು ಗಳಿಸಿದ. ಟೂರ್ ಅವನದಾಯಿತು, 8 ಸೆಕೆಂಡಿನಿಂದ. ಅಂದು ಅವನಿಗೆ ಸಹಾಯ ಮಾಡಲು ಯಾರೂ ಇರಲಿಲ್ಲ, ಯಾರಿಗಾಗಿಯೂ ಕಾಯಬೇಕೆಂದು ಹೇಳಲು ಪಕ್ಕದಲ್ಲಿ ಯಾವ ಕಾರೂ ಬರಲಿಲ್ಲ.